ತೇರಿನ ದಿನ: ಔಷಧಿ ಡಬ್ಬಿಗಿಂತ ಮೊದಲು ದಾರಿ

ಸ್ಟಾಫ್ ನರ್ಸ್ ಕೆಲಸದಿಂದ ನಿವೃತ್ತಿಯಾದರೂ ಜಾತ್ರೆ ಕಮಿಟಿಯವರು ನನ್ನನ್ನು ಬಿಟ್ಟಿಲ್ಲ. "ಸಿಸ್ಟರ್, ಡಬ್ಬಿಯಲ್ಲಿ ಏನೇನು ಇಡೋಣ?" ಅಂತ ಕೇಳುತ್ತಾರೆ. ಡಬ್ಬಿ ಆಮೇಲೆ, ಮೊದಲು ನಕ್ಷೆ ಬರೆಯಿರಿ ಅನ್ನುತ್ತೇನೆ.

ಗುಡಿ, ತೇರುಬೀದಿ, ಪಾದಗಟ್ಟೆ, ದಾಸೋಹದ ಪೆಂಡಾಲ್, ಎಲ್ಲವನ್ನೂ ಹಾಳೆಗೆ ಇಳಿಸಿ. ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು, ಯಾವ ಓಣಿಯಿಂದ ಹೊರಗೆ ಹೋಗಬೇಕು ಅಂತ ಗುರುತು ಹಾಕಿ. ವೇದಿಕೆ ಪಕ್ಕದಲ್ಲಿ, ಅತಿಥಿಗಳ ಕಾರಿನ ಜೊತೆ ನಿಲ್ಲಿಸುವ ಚಾಳಿ ಬಿಡಿ. ನೋಡೋಕೆ ಚೆಂದ, ಜನ ಸೇರಿದ ಮೇಲೆ ಅದು ಅಲುಗಾಡುವುದಿಲ್ಲ. ಗುಂಪಿನ ಅಂಚಿನಲ್ಲಿ, ಆಸ್ಪತ್ರೆ ರಸ್ತೆಗೆ ಮುಖ ಮಾಡಿ ನಿಲ್ಲಲಿ. ಆ ಓಣಿಯಲ್ಲಿ ಬಳೆ ಅಂಗಡಿ, ಬೆಂಡು ಬತ್ತಾಸಿನ ಅಂಗಡಿ, ಬೈಕು, ಯಾವುದೂ ಬೇಡ. ಅಂಗಡಿಗಳೆಲ್ಲ ಕೂತ ಮೇಲೆ ಹಿಂದಿನ ಸಂಜೆ ಒಮ್ಮೆ ಗಾಡಿ ಓಡಿಸಿ ನೋಡಿ. ಸ್ವಾಗತ ಕಮಾನು ತಗುಲುತ್ತದೋ ಇಲ್ಲವೋ ಆಗಲೇ ತಿಳಿಯುತ್ತದೆ.

ಕರೆಂಟ್ ಕಂಬಗಳಿಗೆ ದೊಡ್ಡದಾಗಿ ನಂಬರ್ ಬರೆಸಿ. "ಏಳನೇ ಕಂಬದ ಹತ್ತಿರ ಒಬ್ಬರು ಬಿದ್ದಿದ್ದಾರೆ" ಅಂದರೆ ಸಾಕು, "ಆ ಐಸ್‌ಕ್ರೀಮ್ ಗಾಡಿ ಇದೆಯಲ್ಲ" ಅಂತ ವಿವರಿಸುವ ಕಷ್ಟವಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ತಾಲ್ಲೂಕು ಆಸ್ಪತ್ರೆಗೆ, ಪೊಲೀಸರಿಗೆ ಮೊದಲೇ ಪತ್ರ ಕೊಡಿ. ಅಂದು 108ಕ್ಕೆ ಫೋನ್ ಮಾಡುವುದು ಒಬ್ಬರದೇ ಕೆಲಸವಾಗಿರಲಿ.

ತೇರು ಎಳೆಯುವಾಗ ಎಸೆದ ಬಾಳೆಹಣ್ಣಿನ ಮೇಲೆ ಕಾಲಿಟ್ಟು ಜಾರುವವರೇ ಜಾಸ್ತಿ. ಜಾರಿದರೆ ಗಾಲಿ ಪಕ್ಕದಲ್ಲೇ. ಗಾಲಿಗೆ ಸನ್ನೆ ಮರ ಕೊಡುವವರನ್ನು ಬಿಟ್ಟು ಬೇರೆ ಯಾರೂ ಗಾಲಿ ಹತ್ತಿರ ಇರಬಾರದು. 2017ರಲ್ಲಿ ಕೊಟ್ಟೂರಿನ ತೇರು ಉರುಳಿದ್ದು ನೆನಪಿದೆಯಲ್ವಾ? ಎರಡೂ ಕಡೆ ಜಾಗ ಖಾಲಿ ಇರಲೇಬೇಕು. ಸೀಟಿ ಊದಿ ತೇರು ನಿಲ್ಲಿಸುವ ಅಧಿಕಾರ ಒಬ್ಬರಿಗೆ ಕೊಡಿ. ಅವರು ಊದಿದರೆ ಗೌಡರೂ ಮಿಣಿ (ತೇರಿನ ಹಗ್ಗ) ಬಿಡಬೇಕು.

ನೂಕುನುಗ್ಗಲಿನಲ್ಲಿ ಮುಂದಿರುವವರಿಗೆ ಕೂಗಿ ಪ್ರಯೋಜನವಿಲ್ಲ, ಅವರನ್ನು ತಳ್ಳುವುದು ಹಿಂದಿನವರು. ಮೈಕ್ ಹಿಂದಿನವರಿಗೆ ಕೇಳಿಸಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಜನ ಕೈ ಎತ್ತಲೂ ಆಗದಷ್ಟು ಒತ್ತಿಕೊಂಡಾಗ ಉಸಿರೇ ಕಟ್ಟುತ್ತದೆ. ಅಷ್ಟಾಗುವ ಮೊದಲೇ ಒಳಬರುವವರನ್ನು ತಡೆದು ಹೊರದಾರಿ ತೆರೆಯಿರಿ.

ಊರಿನ ಹುಡುಗ ಹುಡುಗಿಯರಿಗೆ ಎದೆ ಒತ್ತುವುದನ್ನು ಕಲಿಸಿ. ಉಸಿರಿಲ್ಲದೆ ಬಿದ್ದ ದೊಡ್ಡವರಿಗೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್‌ಗೆ ಕಡಿಮೆಯಾಗದಷ್ಟು ಆಳ, ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಮೂರ್ಛೆ ಬಂದವರ ಕೈಗೆ ಕೀಲಿಕೈ ಕೊಡಬೇಡಿ, ಬಾಯಿಗೆ ಏನೂ ತುರುಕಬೇಡಿ. ನಡುಕ ನಿಂತ ಮೇಲೆ ಪಕ್ಕಕ್ಕೆ ಮಲಗಿಸಿ. ನಡುಕ ಐದು ನಿಮಿಷ ದಾಟಿದರೆ ಆಸ್ಪತ್ರೆ. ಬಿಸಿಲಿಗೆ ಬಿದ್ದವರು ತೊದಲುತ್ತಿದ್ದರೆ ಬಾಯಿಗೆ ನೀರು ಹಾಕಬೇಡಿ, ನೆರಳಿಗೆ ತಂದು ಮೈ ಒದ್ದೆ ಮಾಡಿ ಗಾಳಿ ಬೀಸಿ. ದಾಸೋಹದಲ್ಲಿ ಸಾರು ಬಿದ್ದು ಸುಟ್ಟರೆ 20 ನಿಮಿಷ ನಲ್ಲಿ ನೀರು, ಟೂತ್‌ಪೇಸ್ಟ್ ಅಲ್ಲ.

ಇನ್ನು ಡಬ್ಬಿ: ಓಆರ್‌ಎಸ್, ಗಾಜ್, ಬ್ಯಾಂಡೇಜ್, ಕೈಗವಸು, ಬಿಪಿ ಮತ್ತು ಸಕ್ಕರೆ ನೋಡುವ ಯಂತ್ರ, ಸ್ಟ್ರೆಚರ್, ಟಾರ್ಚ್.

ತೇರು ನೆಲೆಗೆ ಬಂದ ಕೂಡಲೇ ಆಂಬುಲೆನ್ಸ್ ಕಳಿಸಿಬಿಡಬೇಡಿ. ರಾತ್ರಿ ನಾಟಕವಿರುತ್ತದೆ, ಕುಡಿದು ಬೈಕ್ ಹತ್ತುವವರೂ ಇರುತ್ತಾರೆ. ಬೆಳಗಿನವರೆಗೆ ಗಾಡಿ ಇರಲಿ, ಡ್ರೈವರ್‌ಗೆ ಊಟ ಕಳಿಸುವುದನ್ನು ಮರೆಯಬೇಡಿ.