ದರಗಲ್ಲಿ ಸರಕ್ ಅಂದ್ರೆ ಬರಿಂಕನಾ, ಪಚ್ಚೆ ಪಾರಿವಾಳನಾ? ಗೊತ್ತು ಮಾಡ್ಕೊಳ್ಳೋದು ಹೀಗೆ

ಮಲ್ನಾಡ್ ಕಡೆ ಕಾಫಿ ತೋಟದಂಚಲ್ಲಿ ಹೋಗ್ತಾ ಇರ್ತೀರಿ, ಪಕ್ಕದ ದರಗಲ್ಲಿ, ಅಂದ್ರೆ ಉದುರಿ ಒಣಗಿದ ಎಲೆ ರಾಶೀಲಿ, ಸರಕ್ ಅನ್ನತ್ತೆ. ಅದು ಬರಿಂಕ (ಇಂಗ್ಲಿಷಲ್ಲಿ ಮೌಸ್ ಡಿಯರ್ ಅನ್ನೋ ಪುಟ್ಟ ಗೊರಸಿನ ಪ್ರಾಣಿ) ಇರಬಹುದು, ಪಚ್ಚೆ ಪಾರಿವಾಳ ಇರಬಹುದು. ಇವೆರಡೂ ನೆಲಕ್ಕೆ ಉದುರಿದ ಹಣ್ಣು ತಿನ್ನೋವೇ, ಹೆಚ್ಚಾಗಿ ಒಂಟಿಯಾಗೇ ಓಡಾಡೋವು, ಹಂಗಾಗಿ ಏಮಾರೋದು ಸಹಜ, ನಾನೂ ಬರಿಂಕ ಬರಿಂಕ ಅಂತ ಉಸಿರು ಹಿಡ್ಕೊಂಡು ಕೂತು ಕೊನೆಗೆ ಪಾರಿವಾಳ ನೋಡಿದೀನಿ.

ಮೊದ್ಲು ಟೈಮ್ ನೋಡಿ. ಹಗಲಾದ್ರೆ ಹಕ್ಕಿನೇ ಅನ್ಕೊಳ್ಳಿ, ಬರಿಂಕ ಹಗಲೆಲ್ಲ ಮರದ ಪೊಟರೆ, ಬಂಡೆ ಸಂದೀಲಿ ಮುದುರ್ಕೊಂಡಿದ್ದು ಕತ್ತಲಾದ್ಮೇಲೆ ಹೊರಡೋ ಪ್ರಾಣಿ. ಆಮೇಲೆ ಅಲ್ಲೇ ನಿಂತು ಕಿವಿ ಕೊಡಿ. ಪಾರಿವಾಳದ್ದು ಪುಟಪುಟ ಹೆಜ್ಜೆ, ಕುಕ್ಕತ್ತೆ, ಮತ್ತೆ ನಡಿಯತ್ತೆ, ಸದ್ದು ಬರ್ತಾನೇ ಇರತ್ತೆ. ಬರಿಂಕ ನಾಕು ಹೆಜ್ಜೆ ಇಟ್ಟು ಗಪ್ ಅಂತ ನಿಂತ್ಬಿಡತ್ತೆ.

ಖಾತ್ರಿ ಆಗೋದು ಅದು ಓಡೋವಾಗ. ಪಾರಿವಾಳ ಹತ್ರ ಹೋಗೋವರೆಗೂ ಬಿಟ್ಟು ಪಟ್ ಅಂತ ಎದ್ದು, ಮೇಲಕ್ಕೆ ಹೋಗದೆ ಮರಗಳ ನಡುವೆ ತಗ್ಗಲ್ಲೇ ನೆಟ್ಟಗೆ ಹಾರತ್ತೆ, ಆಗ ಬೆನ್ನ ಕೆಳಗೆ ಎರಡು ಬಿಳಿ ಪಟ್ಟೆ ಕಾಣತ್ತೆ. ಕೂತಿದ್ರೆ ಕೆಂಪು ಕೊಕ್ಕು, ಪಚ್ಚೆ ರೆಕ್ಕೆ. (ತಮಿಳುನಾಡಿನ ರಾಜ್ಯಪಕ್ಷಿ ಇದೇ.) ಕೂಗು ಮಾತ್ರ ಹ್ಞೂಂ... ಹ್ಞೂಂ... ಅಂತ ಯಾರೋ ನರಳ್ದಂಗೆ, ಮೊದಲ ಸಲ ಕೇಳ್ದೋರು ಯಾವ್ದೋ ಪ್ರಾಣಿ ಅಂತಾನೇ ಹೇಳೋದು.

ಬರಿಂಕ ಹಂಗಲ್ಲ, ಇನ್ನೇನು ತುಳೀತೀರಿ ಅನ್ನೋವರೆಗೂ ಅಲ್ಲಾಡಲ್ಲ. ಕಂದು ಮೈಮೇಲೆ ಸಾಲಾಗಿ ಬಿಳಿ ಚುಕ್ಕೆ ಗೆರೆ ಇರೋದ್ರಿಂದ ಒಣಗಿದೆಲೆ ಮೇಲೆ ಬಿದ್ದ ಬಿಸಿಲೇನೋ ಅನ್ಸತ್ತೆ. ಭುಜದ ಹತ್ರ 25-30 ಸೆಂ.ಮೀ. ಎತ್ತರ, ತೂಕ 2ರಿಂದ 4 ಕೆಜಿ, ಅಂದ್ರೆ ಮನೆ ಬೆಕ್ಕಿನಷ್ಟು. ಕೊಂಬಿಲ್ಲ, ಗಂಡಿಗೆ ಮೇಲ್ದವಡೇಲಿ ಕೋರೆಹಲ್ಲು. ಜಿಂಕೆ ಜಾತಿನೂ ಅಲ್ಲ, ಇದರ ಕುಟುಂಬನೇ ಬೇರೆ.

ಏನೂ ಕಾಣ್ಲಿಲ್ವಾ, ಮಳೆ ಬಂದಿದ್ರೆ ಕೆಸರು ನೋಡಿ. ಮುಂದೆ ಮೂರು ಬೆರಳು ಹಿಂದೊಂದು ಇದ್ರೆ ಹಕ್ಕಿ, ಹೆಬ್ಬೆರಳ ಉಗುರಿನಷ್ಟು ಚೂಪಾದ ಜೋಡಿ ಗೊರಸಾದ್ರೆ ಬರಿಂಕ.

ಇನ್ನೊಂದು, ಪೊಟರೇಲಿ ಪುಟ್ಟ ಬರಿಂಕ ಕಂಡ್ರೆ ಪಾಪ ಜಿಂಕೆ ಮರಿ ತಾಯಿ ಬಿಟ್ಟೋಗಿದೆ ಅಂತ ಎತ್ಕೊಂಡು ಬರೋರಿದಾರೆ, ಬಹಳ ಸಲ ಅದು ಮರಿನೇ ಆಗಿರಲ್ಲ, ಬೆಳೆದಿರೋದೇ ಅಷ್ಟು, ಮೇಲಾಗಿ 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಲ್ಲಿರೋ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿ, ಮುಟ್ಟದೆ ಬಂದ ದಾರೀಲೇ ವಾಪಸ್ ಬನ್ನಿ.