ಹತ್ತು ಟನ್ನಿನ ಪೆಟ್ರೋಲ್ ಮೋಟರ್‌ಹೋಮ್: ಹಿಡಿತಕ್ಕೆ ತರುವುದು ಹೇಗೆ?

ಅಮೆರಿಕದ ಹೆದ್ದಾರಿಗಳಲ್ಲಿ ಕಾಣುವ, ಬಸ್ಸಿನ ಆಕಾರದ ‘ಕ್ಲಾಸ್ ಎ’ ಪೆಟ್ರೋಲ್ ಮೋಟರ್‌ಹೋಮ್‌ಗಳಲ್ಲಿ, ಅಂದರೆ ಚಕ್ರದ ಮೇಲಿನ ಮನೆಗಳಲ್ಲಿ, ಹೆಚ್ಚಿನವು ಫೋರ್ಡ್ ಕಂಪನಿಯ ಎಫ್-53 ಎಂಬ ಚಾಸಿಯ (ಗಾಡಿಯ ಅಡಿಗಟ್ಟಿನ) ಮೇಲೆ ಕಟ್ಟಿದವು. ತಯಾರಕರ ಹೆಸರು, ಒಳಗಿನ ಅಲಂಕಾರ ಬೇರೆ ಬೇರೆಯಾದರೂ ಎಂಜಿನ್, ಗಿಯರ್‌ಬಾಕ್ಸ್, ಸಸ್ಪೆನ್ಷನ್ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಒಂದನ್ನು ಪಳಗಿಸುವ ಕ್ರಮ ಉಳಿದವಕ್ಕೂ ಸಲ್ಲುತ್ತದೆ. 26,000 ಪೌಂಡ್‌ವರೆಗಿನ ಇಂತಹ ಗಾಡಿಯನ್ನು ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಕಾರಿನ ಲೈಸೆನ್ಸಿನಲ್ಲಿಯೇ ಓಡಿಸಬಹುದು. ಅಲ್ಲಿ ನೆಲೆಸಿದ ಕನ್ನಡಿಗರಾಗಲಿ, ರಜೆಗೆಂದು ಹೋದವರಾಗಲಿ, ನಿನ್ನೆಯವರೆಗೆ ಕಾರು ಓಡಿಸಿದವರು ಇಂದು ಹತ್ತು ಟನ್ನಿನ ಸ್ಟೇರಿಂಗ್ ಹಿಡಿಯುವ ಸಂದರ್ಭ ಬರುವುದು ಹೀಗೆ.

ಗಾಡಿ ಅಡ್ಡಾದಿಡ್ಡಿ ಎಳೆಯುತ್ತದೆ ಎಂದು ಅನ್ನಿಸಿದೊಡನೆ ದುಬಾರಿ ಬಿಡಿಭಾಗಗಳಿಗೆ ಹಣ ಸುರಿಯುವವರೇ ಹೆಚ್ಚು. ಮೊದಲು ಮಾಡಬೇಕಾದದ್ದು ತೂಕ. ಪ್ರವಾಸಕ್ಕೆ ಬೇಕಾದ ಸಾಮಾನು, ನೀರು, ಪೆಟ್ರೋಲ್ ಎಲ್ಲವನ್ನೂ ತುಂಬಿ, ಜನರನ್ನೂ ಕೂರಿಸಿಕೊಂಡು, ಟ್ರಕ್ ನಿಲ್ದಾಣಗಳಲ್ಲಿರುವ ತೂಕದ ಸೇತುವೆಗೆ ಹೋಗಿ ಮುಂದಿನ ಆ್ಯಕ್ಸಲ್ (ಚಕ್ರಗಳ ಅಚ್ಚು) ಮತ್ತು ಹಿಂದಿನ ಆ್ಯಕ್ಸಲ್ ಮೇಲೆ ಬೀಳುವ ಭಾರವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಒಟ್ಟು ತೂಕ ಮಿತಿಯೊಳಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಹಿಂದಿನ ಚಕ್ರಗಳಿಂದ ಎಂಟು ಅಡಿ ಹಿಂದೆ 220 ಲೀಟರಿನ ನೀರಿನ ಟ್ಯಾಂಕ್ ಇದೆ, ಎರಡು ಆ್ಯಕ್ಸಲ್‌ಗಳ ನಡುವಿನ ಅಂತರ 19 ಅಡಿ ಎಂದುಕೊಳ್ಳೋಣ. ಆ ಟ್ಯಾಂಕ್ ತುಂಬಿದಾಗ ಹಿಂದಿನ ಆ್ಯಕ್ಸಲ್ಲೇ ಮೀಟುಗೋಲಿನ ಆಧಾರವಾಗಿ, ಮುಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ 90 ಕಿಲೋಗೂ ಹೆಚ್ಚು ಇಳಿದುಹೋಗುತ್ತದೆ. ಮುಂಭಾಗ ಹಗುರವಾದಷ್ಟೂ ಗಾಡಿ ನೇರ ದಾರಿ ಬಿಟ್ಟು ಅಲೆಯುತ್ತದೆ. ತಂಗುದಾಣದಲ್ಲಿ ನೀರಿನ ಸೌಲಭ್ಯವಿದ್ದರೆ ಟ್ಯಾಂಕನ್ನು ಅರ್ಧಕ್ಕಿಂತ ಕಡಿಮೆ ಇಟ್ಟುಕೊಂಡು ಹೊರಡುವುದು ಕಾಸಿಲ್ಲದ ಪರಿಹಾರ.

ಎರಡನೆಯದು ಟಯರಿನ ಗಾಳಿ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಅದು ಹೊರಬಲ್ಲ ಗರಿಷ್ಠ ಭಾರಕ್ಕೆ ಬೇಕಾದ ಒತ್ತಡವೇ ಹೊರತು ನಿಮ್ಮ ಗಾಡಿಗೆ ಬೇಕಾದದ್ದೇ ಎಂದೇನೂ ಅಲ್ಲ. ತೂಕದ ಚೀಟಿಯನ್ನು ಮುಂದಿಟ್ಟುಕೊಂಡು, ಟಯರ್ ಕಂಪನಿಯ ಭಾರ-ಒತ್ತಡದ ಪಟ್ಟಿಯಲ್ಲಿ ನಿಮ್ಮ ಆ್ಯಕ್ಸಲ್‌ಗೆ ಹೊಂದುವ ಅಂಕಿಯನ್ನು ಹುಡುಕಿ, ಬೆಳಗ್ಗೆ ಟಯರ್ ತಣ್ಣಗಿರುವಾಗ ಅದಕ್ಕಿಂತ ಐದು ಪಿಎಸ್‌ಐ ಹೆಚ್ಚು ತುಂಬಿಸಿ. ಗಾಳಿ ವಿಪರೀತವಾದರೆ ಮುಂದಿನ ಟಯರುಗಳು ಕಲ್ಲಿನಂತಾಗಿ ರಸ್ತೆಯ ಪ್ರತಿ ಏರಿಳಿತವನ್ನೂ ಸ್ಟೇರಿಂಗಿಗೆ ದಾಟಿಸುತ್ತವೆ.

ಇದರ ನಂತರ, ಸಾಮಾನು ತುಂಬಿದ ಸ್ಥಿತಿಯಲ್ಲಿಯೇ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಅನೇಕ ಎಫ್-53 ಚಾಸಿಗಳಲ್ಲಿ ಓಲಾಟ ತಡೆಯುವ ಸ್ವೇ ಬಾರ್‌ನ ತುದಿಗಳಲ್ಲಿ ಎರಡೆರಡು ತೂತುಗಳಿರುತ್ತವೆ. ಕಾರ್ಖಾನೆಯಲ್ಲಿ ಮೆದುವಾದ ಸವಾರಿಗೆಂದು ಹೊರಗಿನ ತೂತಿಗೆ ಲಿಂಕನ್ನು (ಬಾರ್‌ನ ತುದಿಯನ್ನು ಹಿಡಿಯುವ ಕೊಂಡಿಯನ್ನು) ಜೋಡಿಸಿದ್ದರೆ, ಅದನ್ನು ಒಳಗಿನ ತೂತಿಗೆ ಬದಲಿಸಿದಾಗ ಮೀಟುಗೋಲಿನ ಉದ್ದ ಕಡಿಮೆಯಾಗಿ ಬಾರ್ ಬಿಗಿಯಾಗುತ್ತದೆ. ಮೆಕ್ಯಾನಿಕ್‌ಗೆ ಅಷ್ಟೇನೂ ಹೊತ್ತು ಹಿಡಿಯದ ಕೆಲಸವಿದು. ತಿರುವುಗಳಲ್ಲಿ ವಾಲುವುದು ಇದರಿಂದಲೇ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಸ್ಟೇರಿಂಗಿನ ಅದುರಾಟ ತಗ್ಗಿಸುವ ಡ್ಯಾಂಪರ್, ಹಿಂದಿನ ಆ್ಯಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಟ್ರ್ಯಾಕ್ ಬಾರ್ ಮುಂತಾದ ಖರ್ಚಿನ ಬಾಬತ್ತುಗಳ ಯೋಚನೆ ಇದೆಲ್ಲ ಮುಗಿದ ಮೇಲಿರಲಿ.

ಇನ್ನು ಬಲದ ಮಾತು. ಬಹುಕಾಲ ಬಳಕೆಯಲ್ಲಿದ್ದ 6.8 ಲೀಟರಿನ ವಿ10 ಎಂಜಿನ್ನಿನ ಜಾಗಕ್ಕೆ ಬಂದ 7.3 ಲೀಟರಿನ ವಿ8 ಎಂಜಿನ್ 350 ಅಶ್ವಶಕ್ತಿ, ಸುಮಾರು 635 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಡೀಸೆಲ್ ಮೋಟರ್‌ಹೋಮ್‌ಗಳ 360 ಅಶ್ವಶಕ್ತಿಯ ಕಮಿನ್ಸ್ ಎಂಜಿನ್ನಿನ ಟಾರ್ಕ್ ಸುಮಾರು 1085 ನ್ಯೂಟನ್ ಮೀಟರ್, ಅದೂ ಕಡಿಮೆ ವೇಗದ ಸುತ್ತುಗಳಲ್ಲಿ. ಅಶ್ವಶಕ್ತಿ ಹೆಚ್ಚುಕಡಿಮೆ ಒಂದೇ ಆದರೂ ಪೆಟ್ರೋಲ್ ಎಂಜಿನ್ ಆ ಅಶ್ವಶಕ್ತಿಯನ್ನು ಒದಗಿಸಬೇಕಾದರೆ ನಿಮಿಷಕ್ಕೆ 4,000ದ ಆಸುಪಾಸಿನ ಸುತ್ತು ತಿರುಗಲೇಬೇಕು. ಆ ಅಬ್ಬರಕ್ಕೆ ಹೆದರಿ ಆ್ಯಕ್ಸಿಲರೇಟರ್ ಬಿಟ್ಟರೆ ಏರಿನಲ್ಲಿ ವೇಗ ಕುಸಿಯುತ್ತದೆ. ಭಾರಕ್ಕೆ ತಕ್ಕಂತೆ ಗಿಯರ್ ಬದಲಾಗುವಂತೆ ಮಾಡುವ ಟೋ-ಹಾಲ್ ಗುಂಡಿ ಒತ್ತಿ, ಗಿಯರ್ ಕೆಳಗಿಳಿಯಲು ಬಿಡಿ. ಎಂಜಿನ್ ತಯಾರಾಗಿರುವುದೇ ಅದಕ್ಕೆ. ಕಣ್ಣು ಮಾತ್ರ ತಾಪದ ಮುಳ್ಳಿನ ಮೇಲಿರಲಿ.

ಕೊಲೊರಾಡೊದ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ ಸುಮಾರು 3,400 ಮೀಟರ್ ಎತ್ತರ ಮುಟ್ಟುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಇಂಥ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ 350 ಅಶ್ವಶಕ್ತಿಯಲ್ಲಿ ಅಲ್ಲಿ ಉಳಿಯುವುದು 235ರ ಆಸುಪಾಸು. ಹತ್ತು ಟನ್ನಿನ ಗಾಡಿಯನ್ನು ಶೇ 7ರ ಏರಿನಲ್ಲಿ ಗಂಟೆಗೆ 70 ಕಿ.ಮೀ. ವೇಗದಲ್ಲಿ ಎತ್ತುವುದಕ್ಕೇ 180 ಅಶ್ವಶಕ್ತಿ ಬೇಕು; ಗಿಯರ್‌ಬಾಕ್ಸ್, ಟಯರ್, ಎದುರುಗಾಳಿಗಳ ಪಾಲು ಬೇರೆ. ಆದ್ದರಿಂದ ಬಲಬದಿಯ ನಿಧಾನದ ಲೇನ್ ಹಿಡಿದು, ಅಪಾಯಸೂಚಕ ದೀಪ ಹಾಕಿಕೊಂಡು 60 ಕಿ.ಮೀ.ನಲ್ಲಿ ಹತ್ತುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಇಳಿಜಾರಿನಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಇಳಿಯುವ ಮೊದಲೇ ವೇಗ ತಗ್ಗಿಸಿ, ಟೋ-ಹಾಲ್ ಇರುವಾಗಲೇ ಬ್ರೇಕನ್ನು ಒಮ್ಮೆ ಒತ್ತಿದರೆ ಗಿಯರ್ ತಾನಾಗಿ ಕೆಳಗಿಳಿದು ಎಂಜಿನ್ನೇ ಗಾಡಿಯ ವೇಗವನ್ನು ತಡೆಹಿಡಿಯುತ್ತದೆ. ಆದರೂ ವೇಗ ಮಿತಿ ದಾಟಿದರೆ, ಗಟ್ಟಿಯಾಗಿ ಬ್ರೇಕ್ ಒತ್ತಿ ವೇಗವನ್ನು ಗಂಟೆಗೆ ಎಂಟು ಕಿ.ಮೀ.ನಷ್ಟು ಇಳಿಸಿ, ಪೂರ್ತಿ ಬಿಟ್ಟುಬಿಡಿ. ಉದ್ದಕ್ಕೂ ಮೆಲ್ಲಗೆ ಪೆಡಲ್ ಒತ್ತಿಕೊಂಡೇ ಬಂದರೆ ಬ್ರೇಕ್ ಕಾದು, ಬೇಕಾದಾಗಲೇ ಕೈಕೊಡುತ್ತದೆ.

ದೊಡ್ಡ ಟ್ರಕ್ಕು ಪಕ್ಕದಲ್ಲಿ ದಾಟುವಾಗ ಅದರ ಮುಂದಿನ ಗಾಳಿ ಮೊದಲು ನಿಮ್ಮನ್ನು ಆಚೆ ತಳ್ಳಿ, ಮರುಕ್ಷಣ ಈಚೆ ಸೆಳೆಯುತ್ತದೆ. ಕನ್ನಡಿಯಲ್ಲಿ ಅದು ಕಂಡಾಗಲೇ ಲೇನಿನ ಬಲಕ್ಕೆ ಸ್ವಲ್ಪ ಸರಿದು, ದೃಷ್ಟಿಯನ್ನು ದೂರದಲ್ಲಿಟ್ಟು, ಸ್ಟೇರಿಂಗನ್ನು ಸಣ್ಣದಾಗಿ ಮಾತ್ರ ತಿದ್ದಿ.

ಕೊನೆಯದಾಗಿ ತಿರುವು. ಚಾಲಕನ ಆಸನ ಮುಂದಿನ ಚಕ್ರಗಳಿಗಿಂತಲೂ ಮುಂದಿರುವುದರಿಂದ ನಿಮ್ಮ ಮೈ ಅಡ್ಡರಸ್ತೆಯೊಳಕ್ಕೆ ಬಂತು ಎನಿಸಿದ ಮೇಲೆಯೇ ತಿರುಗಿಸಲು ಶುರುಮಾಡಬೇಕು. ಹಿಂದಿನ ಚಕ್ರಗಳ ಆಚೆ 12 ಅಡಿ ಚಾಚಿಕೊಂಡಿರುವ ಬಾಲ, ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ಬಲಕ್ಕೆ ಮೂರು ಅಡಿಯಷ್ಟು ಬೀಸುತ್ತದೆ. ಪೆಟ್ರೋಲ್ ಬಂಕಿನಿಂದ ಹೊರಡುವಾಗ ಹಿಂಬದಿಯ ಬಂಪರ್ ಪಂಪನ್ನೂ ಅದರ ಪಕ್ಕದ ಕಬ್ಬಿಣದ ಕಂಬವನ್ನೂ ದಾಟುವವರೆಗೆ ಚಕ್ರಗಳು ನೇರವಾಗಿಯೇ ಇರಲಿ.