ಕಮ್ಯುನಿಟಿ ಕಾಲೇಜಿನ ಸ್ಟ್ಯಾಟಿಸ್ಟಿಕ್ಸ್ ತರಗತಿಯಲ್ಲಿ ಜನಾಂಗೀಯ ಅಂತರ: ನಾನು ಅನುಸರಿಸುವ ಕ್ರಮ

ಕ್ಯಾಲಿಫೋರ್ನಿಯಾದ 116 ಕಮ್ಯುನಿಟಿ ಕಾಲೇಜುಗಳಲ್ಲಿ (ಹೆಚ್ಚಾಗಿ ಎರಡು ವರ್ಷದ ಸರ್ಕಾರಿ ಕಾಲೇಜುಗಳು) ಪ್ರವೇಶಕ್ಕೆ ಪೈಪೋಟಿಯಿಲ್ಲ. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್ ಶುಲ್ಕ, ಆದಾಯ ಕಡಿಮೆಯಿದ್ದರೆ ಅದೂ ಮಾಫಿ. ಎಲ್ಲರೂ ಒಳಗೆ ಬರುತ್ತಾರೆ. ಎಲ್ಲರೂ ದಾಟಿ ಹೋಗುವುದಿಲ್ಲ. ಕಪ್ಪು ವರ್ಣೀಯ ಮತ್ತು ಲ್ಯಾಟಿನೊ ವಿದ್ಯಾರ್ಥಿಗಳು ನಾಲ್ಕು ವರ್ಷದ ಪದವಿಗೆ ಹೋಗುವ ದಾರಿಯಲ್ಲಿ ಹೆಚ್ಚಾಗಿ ತಡೆದು ನಿಲ್ಲುವುದು ಗಣಿತದಲ್ಲಿ. ನಾನು ಕಲಿಸುವುದು ಸ್ಟ್ಯಾಟಿಸ್ಟಿಕ್ಸ್. ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವುದಕ್ಕಿಂತ ಕೋರ್ಸನ್ನು ಸರಿಪಡಿಸಿದರೆ ಅಂತರ ಇಳಿಯುತ್ತದೆ ಎಂಬುದು ನನ್ನ ಅನುಭವ.

ಮೊದಲು ಲೆಕ್ಕ. ಕೋರ್ಸಿನ ಮೂರು ವರ್ಷದ ಫಲಿತಾಂಶವನ್ನು ಒಟ್ಟಿಗೆ ತರಿಸಿಕೊಳ್ಳುತ್ತೇನೆ. ಒಂದು ಗುಂಪಿನ 30 ಜನರಲ್ಲಿ 15 ಜನ ಪಾಸಾಗಿದ್ದಾರೆ, ಉಳಿದ 90 ಜನರಲ್ಲಿ 63 ಎಂದುಕೊಳ್ಳಿ. ಶೇ 50 ಮತ್ತು ಶೇ 70. ಅಂತರ 20 ಅಂಶ. 30 ಜನರ ಗುಂಪಿಗೆ ದೋಷದ ಮಿತಿ, ಅಂದರೆ ಆಕಸ್ಮಿಕವಾಗಿ ಆಗಬಹುದಾದ ಏರಿಳಿತ, ಸುಮಾರು 18 ಅಂಶ ಬರುತ್ತದೆ, ಹಾಗಾಗಿ ಈ ಅಂತರವನ್ನು ಕಡೆಗಣಿಸುವಂತಿಲ್ಲ. 30ರ ಶೇ 20 ಎಂದರೆ ಆರು ಜನ. ಈ ಆರು ಎಂಬ ಸಂಖ್ಯೆಯನ್ನೇ ನಾನು ಸಹೋದ್ಯೋಗಿಗಳ ಮುಂದಿಡುವುದು. ಶೇಕಡಾವಾರು ಕೇಳಿದರೆ ಸಮಿತಿ ರಚಿಸೋಣ ಅನ್ನುತ್ತಾರೆ, ಆರು ಜನ ಅಂದರೆ ಕೆಲಸ ಶುರುವಾಗುತ್ತದೆ. ನಡುವೆ ಬಿಟ್ಟವರನ್ನೂ ಫೇಲಾದವರನ್ನೂ ಬೇರೆ ಬೇರೆ ಎಣಿಸಬೇಕು, ಎರಡಕ್ಕೂ ಮದ್ದು ಬೇರೆ.

ಫಲಿತಾಂಶದ ಪಟ್ಟಿಯಲ್ಲಿರುವ ಜನಾಂಗದ ಕಾಲಂಗಳನ್ನು ಕಣ್ಣುಮುಚ್ಚಿ ನಂಬಬಾರದು. ‘ಏಷ್ಯನ್’ ಎಂಬ ಒಂದೇ ಕಾಲಂನಲ್ಲಿ ಕುಪರ್ಟಿನೊದ ಕನ್ನಡದ ಸಾಫ್ಟ್‌ವೇರ್ ದಂಪತಿಯ ಮಗಳೂ ಇರುತ್ತಾಳೆ, 1975ರ ನಂತರ ನಿರಾಶ್ರಿತರಾಗಿ ಬಂದ, ಲಾವೋಸಿನ ಹ್ಮಾಂಗ್ ಅಥವಾ ಕಾಂಬೋಡಿಯನ್ ಕುಟುಂಬದ ಮೊಮ್ಮಗನೂ ಇರುತ್ತಾನೆ. ಅವಳ ಅಂಕ ಅವನ ಕಷ್ಟವನ್ನು ಮುಚ್ಚಿಬಿಡುತ್ತದೆ. ನಮ್ಮವರು ಇದನ್ನು ಗಮನಿಸಬೇಕು. ಹಳೆಯ ಫೆಡರಲ್ ವರ್ಗೀಕರಣದಲ್ಲಿ ಅರಬ್, ಇರಾನಿ ವಿದ್ಯಾರ್ಥಿಗಳು ‘ಬಿಳಿಯರು’. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾಕ್ಕೆ ಪ್ರತ್ಯೇಕ ವರ್ಗ ಸಿಕ್ಕಿದ್ದು 2024ರಲ್ಲಿ. ಬಿಡಿಸಿ ನೋಡುವಾಗ ಗುಂಪು ಹತ್ತಕ್ಕಿಂತ ಚಿಕ್ಕದಾದರೆ ಅಂಕಿ ಹೊರಗೆ ತೋರಿಸುವುದಿಲ್ಲ, ಯಾರೆಂದು ಗೊತ್ತಾಗಿಬಿಡುತ್ತದೆ.

2017ರಲ್ಲಿ ಸಹಿಯಾದ ರಾಜ್ಯದ ಎಬಿ 705 ಕಾಯ್ದೆಗೆ ಮೊದಲು ಪ್ಲೇಸ್‌ಮೆಂಟ್ ಪರೀಕ್ಷೆಯ ಅಂಕ ನೋಡಿ ವಿಶ್ವವಿದ್ಯಾಲಯಕ್ಕೆ ಕ್ರೆಡಿಟ್ ವರ್ಗಾವಣೆಯಾಗದ ಪೂರ್ವಸಿದ್ಧತಾ ತರಗತಿಗಳಿಗೆ ತಳ್ಳುತ್ತಿದ್ದರು, ಅಲ್ಲಿಂದ ಎಷ್ಟೋ ಜನ ಮೇಲೆ ಬರಲೇ ಇಲ್ಲ. ಈಗ ಹೈಸ್ಕೂಲಿನ ಅಂಕ ನೋಡಿ ನೇರವಾಗಿ ಸ್ಟ್ಯಾಟಿಸ್ಟಿಕ್ಸ್‌ಗೆ ಸೇರಿಸುತ್ತಾರೆ, ಅಗತ್ಯವಿದ್ದವರಿಗೆ ಜೊತೆಗೊಂದು ಸಹಾಯಕ ತರಗತಿ. ಆ ತರಗತಿ ಕೆಡುವುದು ಹೇಗೆಂದರೆ, ಭಿನ್ನರಾಶಿಯಿಂದ ಶುರುಮಾಡಿ ಹೈಸ್ಕೂಲು ಗಣಿತವನ್ನೆಲ್ಲ ಮತ್ತೆ ಓದಿಸಲು ಹೊರಟಾಗ. ನಾನು ಮರುದಿನದ ಪಾಠಕ್ಕೆ ಬೇಕಾದಷ್ಟೇ ತೆಗೆದುಕೊಳ್ಳುತ್ತೇನೆ. ಝಡ್ ಸ್ಕೋರ್ (ಒಂದು ಅಂಕ ಸರಾಸರಿಯಿಂದ ಎಷ್ಟು ದೂರವಿದೆ ಎಂಬ ಅಳತೆ) ಪಾಠದ ಹಿಂದಿನ ದಿನ ಕ್ಯಾಲ್ಕುಲೇಟರಿನಲ್ಲಿ 72 ಮೈನಸ್ 65, ಭಾಗಿಸು 3.5 ಒತ್ತಿಸುತ್ತೇನೆ. ಆವರಣ ಹಾಕದಿದ್ದರೆ 53.43 ಬರುತ್ತದೆ, ಹಾಕಿದರೆ 2. ಪರೀಕ್ಷೆಯಲ್ಲಿ ‘ಪರಿಕಲ್ಪನೆ ಗೊತ್ತಿಲ್ಲ’ ಎಂದು ಅಂಕ ಕಳೆಯುವ ಎಷ್ಟೋ ಉತ್ತರಗಳ ಹಿಂದೆ ಇರುವುದು ಈ ಆವರಣವೊಂದೇ.

ಬಿಟ್ಟುಹೋಗುವವರ ಕಾರಣ ಹೆಚ್ಚಾಗಿ ಮೊದಲ ಮೂರು ವಾರದಲ್ಲೇ ಇರುತ್ತದೆ. ಹೋಂವರ್ಕಿಗೆ ದುಡ್ಡು ಕೊಟ್ಟು ಕೊಳ್ಳುವ ಕೋಡ್ ಬೇಕು, ಹಣಕಾಸು ನೆರವು ತಡವಾಗಿ ಬರುತ್ತದೆ, ಅಷ್ಟರಲ್ಲಿ ಮೂರು ಸೊನ್ನೆ ಬಿದ್ದಿರುತ್ತವೆ. ಅದಕ್ಕೇ ಓಪನ್‌ಸ್ಟ್ಯಾಕ್ಸ್‌ನ ಉಚಿತ ಪಠ್ಯ ಬಳಸುತ್ತೇನೆ. ಮೊದಲ ವಾರವೇ ಒಂದು ಪುಟದ ಕೆಲಸ ಕೊಟ್ಟು, ಎರಡು ದಿನದೊಳಗೆ ಟಿಪ್ಪಣಿ ಬರೆದು ಹಿಂತಿರುಗಿಸುತ್ತೇನೆ. ಮೂರನೇ ವಾರದೊಳಗೆ ಪ್ರತಿಯೊಬ್ಬರೂ ಹತ್ತು ನಿಮಿಷ ಬಂದು ಮಾತಾಡಬೇಕು, ಅದಕ್ಕೆ ಅಂಕವಿದೆ. ‘ಬೇಕಾದವರು ಬನ್ನಿ’ ಅಂದರೆ ಕೇಳಿ ರೂಢಿಯಿದ್ದವರು ಮಾತ್ರ ಬರುತ್ತಾರೆ. ಮನೆಯಲ್ಲಿ ಕಾಲೇಜು ಕಂಡ ಮೊದಲಿಗರಿಗೆ ಅಧ್ಯಾಪಕರ ಕೊಠಡಿ ತಪ್ಪು ಮಾಡಿದವರನ್ನು ಕರೆಸಿಕೊಳ್ಳುವ ಜಾಗದಂತೆ ಕಾಣುತ್ತದೆ.

ನಾಲ್ವರ ಗುಂಪುಗಳನ್ನು ಕೆಲಸದ ಪಾಳಿ, ಬಸ್ಸಿನ ಸಮಯ ನೋಡಿ ಮಾಡುತ್ತೇನೆ. ಮುಖ ಅಥವಾ ಮನೆಹೆಸರು ನೋಡಿ ಜನಾಂಗ ಊಹಿಸುವುದು ಸರಿಯಲ್ಲ. ರಾಜ್ಯದ ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 209 (1996) ಸರ್ಕಾರಿ ಕಾಲೇಜಿನಲ್ಲಿ ಜನಾಂಗದ ಆಧಾರದ ಆದ್ಯತೆಯನ್ನು ನಿಷೇಧಿಸಿದೆ. ಆದ್ದರಿಂದ ನೆರವು ಎಲ್ಲರಿಗೂ ತೆರೆದಿರಬೇಕು. 1981ರಲ್ಲಿ ಹೇವರ್ಡಿನ ಚಾಬೊಟ್ ಕಾಲೇಜಿನಲ್ಲಿ ಲ್ಯಾಟಿನೊ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಪುವೆಂಟೆ ಎಂಬ ಕಲಿಕಾ ನೆರವಿನ ಯೋಜನೆಗೂ ಇಂದು ಯಾರು ಬೇಕಾದರೂ ಸೇರಬಹುದು. ‘ಹಿಂದುಳಿದವರಿಗಾಗಿ’ ಎಂದು ಹಲಗೆ ಹಾಕಿದ ಕಾರ್ಯಾಗಾರದ ಕುರ್ಚಿಗಳು ಖಾಲಿ ಉಳಿಯುತ್ತವೆ. ಅದೇ ಟ್ಯೂಟರನ್ನು ತರಗತಿಯೊಳಗೇ ಕೂರಿಸಿದರೆ ಎಲ್ಲರೂ ಕೇಳುತ್ತಾರೆ.

ಪರೀಕ್ಷೆಯ ದಿನಾಂಕ ಗೊತ್ತುಮಾಡುವ ಮೊದಲು ಈದ್, ಚಾಂದ್ರಮಾನ ಹೊಸವರ್ಷ, ದೀಪಾವಳಿ ಯಾವತ್ತು ಎಂದು ನೋಡುತ್ತೇನೆ. ಈದ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಬರುವುದರಿಂದ ಹೋದವರ್ಷದ ವೇಳಾಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಅತಿ ಕಡಿಮೆ ಅಂಕದ ಒಂದು ಕ್ವಿಜ್ ಎಲ್ಲರಿಗೂ ಲೆಕ್ಕದಿಂದ ತಾನಾಗೇ ಬಿಟ್ಟುಹೋಗುತ್ತದೆ, ಗೈರುಹಾಜರಿಗೆ ಯಾರೂ ಪುರಾವೆ ತರಬೇಕಿಲ್ಲ.